ದುಡ್ಡು ಕೊಡುವ ಮುಂಚೆ ಬಾಟಲಿ ನೋಡಿ

ಮದ್ಯದಂಗಡಿಯಲ್ಲಿ ಬರುವ ತಕರಾರುಗಳಲ್ಲಿ ಹೆಚ್ಚಿನವು ಕೌಂಟರಿನಲ್ಲೇ ಕಣ್ಣಿಗೆ ಬೀಳುವಂಥವು.

ಬಿಯರ್‌ಗೆ ಬೆಳಕೇ ಶತ್ರು. ಹಸಿರು ಅಥವಾ ಬಣ್ಣವಿಲ್ಲದ ಗಾಜಿನ ಬಾಟಲಿ ಬಿಸಿಲಿಗೋ ಟ್ಯೂಬ್‌ಲೈಟಿಗೋ ಮೈಯೊಡ್ಡಿ ನಿಂತಿದ್ದರೆ ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಅಂಶ ಒಡೆದು ಕೆಟ್ಟ ನಾತ ಹುಟ್ಟುತ್ತದೆ. ಕಂದು ಗಾಜು ವಾಸಿ, ಕ್ಯಾನ್ ಇನ್ನೂ ಮೇಲು. ಮುಂದಿನ ಸಾಲಿನದು ಬಿಟ್ಟು ಪೆಟ್ಟಿಗೆಯೊಳಗಿನದನ್ನೇ ಕೇಳಿ, ದಿನಾಂಕ ಓದಿ. ಕೇಳಲು ಸಂಕೋಚ ಬೇಡ, ಒಳ್ಳೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ವೈನ್ ಬಾಟಲಿಯ ಕತ್ತನ್ನು ಬೆರಳಿಂದ ಸವರಿ ನೋಡಿ. ಅಂಟಂಟಾಗಿದ್ದರೆ, ಕಾರ್ಕ್ ಮೇಲೆದ್ದಿದ್ದರೆ, ಒಳಗಿನ ವೈನ್ ಶಾಖಕ್ಕೆ ಉಬ್ಬಿ ಸೋರಿರುವ ಸಾಧ್ಯತೆ ಹೆಚ್ಚು. ಬೇರೆ ಕೊಡಿ ಅನ್ನಿ. ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಹೆದರಬೇಡಿ, ಅದು ಟಾರ್ಟ್ರೇಟ್, ಅಂದರೆ ವೈನಿನ ಹುಳಿಯೇ ಹರಳುಗಟ್ಟಿದ್ದು, ದೋಷವಲ್ಲ.

ವಿಸ್ಕಿ, ರಮ್ಮಿಗೆ ಸೀಲ್ ಮುಖ್ಯ. ಮುಚ್ಚಳ ತಿರುಗುತ್ತಿದ್ದರೆ ಬೇಡ. ಪಕ್ಕದಲ್ಲಿ ಅದೇ ಬ್ರ್ಯಾಂಡಿನ, ಅದೇ ಅಳತೆಯ ಇನ್ನೊಂದು ಬಾಟಲಿ ಇಟ್ಟು ಒಳಗಿನ ಮದ್ಯದ ಮಟ್ಟ ಹೋಲಿಸಿ.

ಮನೆಯಲ್ಲಿ ತೆರೆದಾಗ ವೈನ್ ಒದ್ದೆ ರಟ್ಟಿನ ವಾಸನೆ ಹೊಡೆದರೆ ಸಿಂಕಿಗೆ ಸುರಿಯಬೇಡಿ. ಒಂದು ಗುಟುಕು ನೋಡಿ ಸಾಕುಮಾಡಿ, ಕಾರ್ಕ್ ಹಾಕಿ, ಬಿಲ್ ಸಮೇತ ಮರುದಿನವೇ ಒಯ್ಯಿರಿ. ಅರ್ಧ ಖಾಲಿಯಾದ ಬಾಟಲಿಗೆ ಬದಲಿ ಸಿಗುವುದು ಕಷ್ಟ.