ಬೆಂಚಿನ ಕೆಳಗೆ ಸಿಕ್ಕ ಮಾತ್ರೆಗಳು

ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ಕೆಲಸ ಮೊದಲ ಸಲ ನನಗೆ ಬಂದಾಗ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ, ಒಬ್ಬೊಬ್ಬರ ಕೈಗೂ ಒಂದೊಂದು ಮಾತ್ರೆ ಕೊಟ್ಟೆ, ಹೆಸರಿನ ಮುಂದೆ ಟಿಕ್ ಹಾಕಿದೆ. ಸಂಜೆ ಬೆಂಚುಗಳನ್ನು ಸರಿಸುವಾಗ ನೆಲದ ಮೇಲೆ 11 ಮಾತ್ರೆ ಸಿಕ್ಕವು. ಕೆಲವು ಕಚ್ಚಿ ಉಗಿದವು. ಒಂದನ್ನು ಯಾರೋ ಒದ್ದೆ ಮಾಡಿ ಬೆಂಚಿನ ಅಡಿಗೆ ಅಂಟಿಸಿದ್ದರು. ಅವು ಯಾವ ಮಕ್ಕಳವು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ, ಎಲ್ಲರ ಹೆಸರಿನ ಮುಂದೆಯೂ ಟಿಕ್ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಕೂತು ಓದಿದೆ, ಆರೋಗ್ಯ ಕಾರ್ಯಕರ್ತೆಯರನ್ನು ಕೇಳಿ ತಿಳಿದುಕೊಂಡೆ. ಮಣ್ಣಿನಿಂದ ಬರುವ ಹುಳಗಳಲ್ಲಿ ಮುಖ್ಯವಾದವು ದುಂಡುಹುಳ, ಚಾಟಿಹುಳ, ಕೊಕ್ಕೆಹುಳ. ದುಂಡುಹುಳದ ಹೆಣ್ಣು ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆ ಇಡುತ್ತದೆ. ಆದರೆ ಆ ಮೊಟ್ಟೆ ಹೊಟ್ಟೆಯೊಳಗೇ ಮರಿಯಾಗುವುದಿಲ್ಲ. ಮಲದ ಜೊತೆ ಹೊರಗೆ ಬಂದು, ಮಣ್ಣಿನಲ್ಲಿ ಕೆಲವು ವಾರ ಬಲಿತು, ಕೊಳಕು ಕೈಯಿಂದಲೋ ತೊಳೆಯದ ತರಕಾರಿಯಿಂದಲೋ ಮತ್ತೆ ಬಾಯಿಗೆ ಹೋಗಬೇಕು. ಕೊಕ್ಕೆಹುಳಕ್ಕೆ ಬಾಯಿಯೂ ಬೇಕಿಲ್ಲ. ಅದರ ಮರಿ ಬರಿಗಾಲಿನ ಚರ್ಮ ಕೊರೆದುಕೊಂಡು ಒಳಗೆ ಹೋಗುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಸುಮ್ನೆ ಕೂತಲ್ಲೇ ತೂಕಡಿಸುವ ಮಗುವನ್ನು ಸೋಮಾರಿ ಅಂತ ನಾನೂ ಎಷ್ಟೋ ಸಲ ಬೈದಿದ್ದೆ. ರಕ್ತ ಕಡಿಮೆಯಾಗಿರಬಹುದು ಅನ್ನುವುದು ಹೊಳೆದೇ ಇರಲಿಲ್ಲ.

ಈಗ ಒಂದು ತರಗತಿಗೆ ಒಂದು ಗಂಟೆ ಬೇಕಾದರೂ ಸರಿ, ಒಬ್ಬೊಬ್ಬರನ್ನೇ ಕರೆಯುತ್ತೇನೆ. ಅಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಮಾತ್ರೆ. ನನ್ನ ಎದುರಿಗೇ ಅಗಿಯಬೇಕು, ನೀರು ಕುಡಿಯಬೇಕು. ಆಮೇಲೆ "ರುಚಿ ಹೇಗಿತ್ತು ಹೇಳು" ಅಂತ ಕೇಳುತ್ತೇನೆ. ಮಾತ್ರೆಯನ್ನು ಕೆನ್ನೆಯಲ್ಲಿ ಒತ್ತಿ ಇಟ್ಟುಕೊಂಡ ಮಗುವಿಗೆ ಮಾತಾಡಲು ಆಗುವುದಿಲ್ಲ, ಅಲ್ವಾ? ಬಾಯಿ ಖಾಲಿ ಅಂತ ಗೊತ್ತಾದ ಮೇಲೇ ಟಿಕ್. ಚಿಕ್ಕ ಮಕ್ಕಳಿಗೆ ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ ನೀರಲ್ಲಿ ಕಲಸಿ ಕೊಡುತ್ತೇನೆ. ಅಳುವ ಮಗುವಿನ ಮೂಗು ಹಿಡಿದು ಬಾಯಿಗೆ ಹಾಕುವುದು ಬೇಡವೇ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಜ್ವರ ಇದ್ದವರಿಗೆ ಆ ದಿನ ಕೊಡುವುದಿಲ್ಲ.

ಎರಡನೇ ವರ್ಷ ಇನ್ನೊಂದು ಪಾಠ ಕಲಿತೆ. ಮಾತ್ರೆ ತಿಂದ ಒಬ್ಬ ಹುಡುಗ ಹೊಟ್ಟೆ ನೋವು ಅಂತ ವಾಂತಿ ಮಾಡಿದ. ಹತ್ತು ನಿಮಿಷದಲ್ಲಿ ಇನ್ನೂ ಎಂಟು ಮಕ್ಕಳು ಹೊಟ್ಟೆ ಹಿಡಿದುಕೊಂಡು ಕೂತರು. ಅಷ್ಟರಲ್ಲಿ ಗೇಟಿನ ಹತ್ತಿರ ತಂದೆತಾಯಿಯರು ಸೇರಿದರು. ಮಲಗಿಸಿ, ನೀರು ಕುಡಿಸಿ, ಪಕ್ಕದಲ್ಲೇ ಕೂತೆ. ಒಂದು ಗಂಟೆಯಲ್ಲಿ ಎಲ್ಲರೂ ಆಟಕ್ಕೆ ಹೋದರು. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದವರಿಗೆ ಇಂಥ ತೊಂದರೆ ಸ್ವಲ್ಪ ಜಾಸ್ತಿ ಆಗುತ್ತದೆ, ತಾನಾಗಿಯೇ ಹೋಗುತ್ತದೆ. ಇದನ್ನು ನಾನು ಮೊದಲೇ ಹೇಳಿದ್ದರೆ ಯಾರೂ ಹೆದರುತ್ತಿರಲಿಲ್ಲ. ಈಗ ವಾರದ ಮುಂಚೆಯೇ ಪೋಷಕರನ್ನು ಕರೆದು ಎಲ್ಲ ಹೇಳುತ್ತೇನೆ.

"ನಮ್ಮ ಮಗೂಗೆ ಹುಳ ಇಲ್ಲ ಮೇಡಂ, ಯಾಕೆ ಕೊಡ್ತೀರಿ?" ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಕೇಳುವುದು ನ್ಯಾಯವೇ. ಹುಳ ಇರುವ ಎಷ್ಟೋ ಮಕ್ಕಳಲ್ಲಿ ಮೇಲೆ ಏನೂ ಕಾಣುವುದಿಲ್ಲ. ಒಬ್ಬೊಬ್ಬರ ಮಲ ಪರೀಕ್ಷೆ ಮಾಡಿಸುವ ಖರ್ಚು ಮಾತ್ರೆಯ ಖರ್ಚಿಗಿಂತ ಎಷ್ಟೋ ಪಾಲು ಜಾಸ್ತಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ, ಶೇ. 20ಕ್ಕಿಂತ ಹೆಚ್ಚು ಮಕ್ಕಳಲ್ಲಿ ಹುಳ ಇರುವ ಕಡೆ ವರ್ಷಕ್ಕೊಮ್ಮೆ, ಶೇ. 50 ದಾಟಿದ ಕಡೆ ಎರಡು ಸಲ, ಪರೀಕ್ಷೆ ಇಲ್ಲದೆ ಎಲ್ಲ ಮಕ್ಕಳಿಗೂ ಕೊಡಿ ಅನ್ನುತ್ತದೆ.

ಆದರೆ ಇಲ್ಲದ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ಮಾತ್ರೆ ತಿಂದರೆ ಓದಿನಲ್ಲಿ ಮುಂದೆ ಬರ್ತಾರೆ ಅಂತ ನಾನು ಹೇಳುವುದಿಲ್ಲ. ಕೀನ್ಯಾದ ಶಾಲೆಗಳಲ್ಲಿ 1998ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಗೈರುಹಾಜರಿ ಕಾಲು ಭಾಗದಷ್ಟು ಇಳಿದಿತ್ತು. ಆದರೆ ಆ ಲೆಕ್ಕದ ಬಗ್ಗೆ ಸಂಶೋಧಕರಲ್ಲೇ ಒಮ್ಮತ ಇಲ್ಲ. ಚಾಟಿಹುಳಕ್ಕೆ ಒಂದೇ ಮಾತ್ರೆ ಅಷ್ಟಾಗಿ ನಾಟುವುದೂ ಇಲ್ಲ. ಶೌಚಾಲಯ, ಸೋಪು, ಚಪ್ಪಲಿ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಹುಳ ವಾಪಸ್. ಹಾಗಂತ ಮಗುವಿನ ರಕ್ತ ಕುಡಿಯುವ ಹುಳವನ್ನು ಇವತ್ತು ಹೊಟ್ಟೆಯಲ್ಲೇ ಬಿಡೋಣವೇ?

ನನ್ನ ನಿಜವಾದ ಚಿಂತೆ ಆ ದಿನ ಬರದೇ ಇರುವ ಮಕ್ಕಳದ್ದು. ಅವರಿಗಾಗಿ ಇನ್ನೊಂದು ದಿನ ಇಟ್ಟುಕೊಂಡಿದ್ದೇವೆ. ಅವತ್ತೂ ಬರದ ಒಬ್ಬ ಹುಡುಗಿಯ ಮನೆಗೆ ಹೋದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು, ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಕೆಳ ರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿಚಿಕೊಂಡಿತ್ತು. ಮಾತ್ರೆ ಅಗಿದು ಮುಖ ಕಿವುಚಿ, "ಸೀಮೆಸುಣ್ಣದ ಥರ ಇದೆ ಮಿಸ್" ಅಂದಳು. ರಕ್ತ ಪರೀಕ್ಷೆ ಮಾಡಿಸಿ ಅಂತ ಅವಳ ಅಮ್ಮನಿಗೆ ಹೇಳಿ, ಮುಂದಿನ ವಾರ ನಾನೇ ಜೊತೆಗೆ ಹೋಗಿ ಬಂದೆ. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು.

ಈಗ ಹಿಂದಿನ ಸಲ ತಪ್ಪಿಹೋದವರ ಹೆಸರನ್ನೇ ಪಟ್ಟಿಯಲ್ಲಿ ಮೊದಲು ಬರೆಯುತ್ತೇನೆ. ಈ ಸಲ 7 ಹೆಸರಿದ್ದವು. 5 ಮಕ್ಕಳು ಶಾಲೆಯಲ್ಲೇ ಸಿಕ್ಕರು. ಉಳಿದ ಇಬ್ಬರ ಮನೆಗೆ ನಾಳೆ ಹೋಗುತ್ತೇನೆ.