ಗಾರ್ನರ್ ಪಾರ್ಕಿನಲ್ಲಿ ರಾತ್ರಿ ಉಳಿದರೇನೇ ನದಿ ಸಿಗುವುದು

ಟೆಕ್ಸಾಸ್‌ನ ಬೇಸಿಗೆಯಲ್ಲಿ ನದಿಗೆ ಇಳಿಯಬೇಕು ಅನ್ನಿಸಿದಾಗ ನಾವು ಹೋಗುವುದು ಗಾರ್ನರ್ ಸ್ಟೇಟ್ ಪಾರ್ಕಿಗೆ. ಆಸ್ಟಿನ್‌ನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ಪಾರ್ಕಿನೊಳಗೇ ಫ್ರಿಯೊ ನದಿ 2.9 ಮೈಲಿ ಹರಿಯುತ್ತದೆ, ದಡದಲ್ಲೆಲ್ಲ ಎತ್ತರದ ಸೈಪ್ರಸ್ ಮರಗಳು.

ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವವರೂ ತುಂಬ ಜನ. ನಾನಂತೂ ಟೆಂಟ್ ಹಾಕಿ ಉಳಿಯಿರಿ ಅಂತಲೇ ಹೇಳುತ್ತೇನೆ. ಮಧ್ಯಾಹ್ನ ಆಯಿತೆಂದರೆ ನೀರಿನ ತುಂಬ ಜನ ಕೂತು ತೇಲುವ ಗಾಳಿ ಟ್ಯೂಬ್‌ಗಳು, ಕೈಬೀಸಿ ಈಜಲು ಜಾಗವೇ ಇರುವುದಿಲ್ಲ. ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಏಳು ಗಂಟೆಗೇ ಇಳಿದರೆ ಕಥೆಯೇ ಬೇರೆ. ಕೆಸರು ಕದಡಿರುವುದಿಲ್ಲ, ತಳದ ಸುಣ್ಣಕಲ್ಲು ಒಂದೊಂದೂ ಕಾಣುತ್ತದೆ, ಮೊಣಕಾಲಿನ ಸುತ್ತ ಪುಟ್ಟ ಮೀನುಗಳು ಬಂದು ನಿಲ್ಲುತ್ತವೆ. ಊಟೆ ನೀರಿನ ನದಿ, ಜುಲೈನಲ್ಲೂ ಮೊದಲ ಮುಳುಗಿಗೆ ಮೈ ಜುಮ್ಮೆನ್ನುತ್ತದೆ.

ಆ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಹವಾಯಿ ಚಪ್ಪಲಿ ಸುಮ್ನೆ ತೇಲಿಹೋಗುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಂಡು, ಹೆಜ್ಜೆ ಎತ್ತದೆ ಪಾದ ಸರಿಸುತ್ತಾ ಹೋದರೆ ಜಾರುವುದು ಕಡಿಮೆ. ಲೈಫ್‌ಗಾರ್ಡ್ ಇಲ್ಲ, ಹಾಗಾಗಿ ಮಕ್ಕಳಿಗೆ ಲೈಫ್ ಜಾಕೆಟ್ ಬೇಕೇ ಬೇಕು, ಮೊಣಕಾಲಷ್ಟಿದ್ದ ನೀರು ನಾಲ್ಕು ಹೆಜ್ಜೆಯಲ್ಲಿ ಎದೆಮಟ್ಟ ಆಗಬಹುದು.

ಬುಕಿಂಗ್ ಐದು ತಿಂಗಳು ಮುಂಚೆ ಶುರುವಾಗುತ್ತದೆ, ಬೇಸಿಗೆಯ ಶನಿವಾರ, ಭಾನುವಾರ ಬೇಕಾದರೆ ಆಗಲೇ ಮಾಡಿಬಿಡಿ. ವಾರದ ಮಧ್ಯೆ ರಜೆ ಸಿಕ್ಕರೆ ಇನ್ನೂ ಒಳ್ಳೆಯದು. ಅಡುಗೆಗೆ ನಾನು ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಸಾಮಾನು ಬೆರೆಸಿ ಡಬ್ಬಿಗೆ ತುಂಬಿಕೊಳ್ಳುತ್ತೇನೆ, ಅಲ್ಲಿ ನೀರು ಕಾಯಿಸಿದರೆ ಉಪ್ಪಿಟ್ಟು ಸಿದ್ಧ. ರಾತ್ರಿ ಡಬ್ಬಿ, ಕೂಲರ್ ಎಲ್ಲ ಕಾರಿನೊಳಗೇ ಇರಲಿ, ರಕೂನ್ ಅನ್ನುವ ಕಾಡುಪ್ರಾಣಿಗಳಿಗೆ ಮುಚ್ಚಳ ತೆಗೆಯುವುದು ಚೆನ್ನಾಗಿ ಗೊತ್ತು. ಬೇಸಿಗೆಯ ಸಂಜೆ 1930ರ ದಶಕದಲ್ಲಿ ಕಟ್ಟಿದ ಕಲ್ಲಿನ ಪೆವಿಲಿಯನ್ ಹತ್ತಿರ ಜೂಕ್‌ಬಾಕ್ಸ್ (ಹಾಡು ಆರಿಸಿ ಹಾಕುವ ಪೆಟ್ಟಿಗೆ) ಹಾಡಿಗೆ ಅಜ್ಜ, ಅಜ್ಜಿ, ಮಕ್ಕಳು ಎಲ್ಲರೂ ಕುಣಿಯುತ್ತಾರೆ. ತಪ್ಪಿಸಿಕೊಳ್ಳಬೇಡಿ.

ಹೊರಡುವ ಮುಂಚೆ ನದಿಯ ಹರಿವು ನೋಡಿಕೊಳ್ಳಿ. ಬರ ಬಿದ್ದಾಗ ಟ್ಯೂಬ್ ಕಲ್ಲಿಗೆ ತಾಗಿ ನಿಂತುಬಿಡುತ್ತದೆ. ಮಳೆಯದ್ದು ಅದಕ್ಕಿಂತ ದೊಡ್ಡ ವಿಷಯ. ಇಲ್ಲಿ ಮಣ್ಣಿನ ಪದರ ತೆಳು, ಕೆಳಗೆ ಬರೀ ಕಲ್ಲು, ನೀರು ಇಂಗದೆ ನದಿಗೇ ಇಳಿಯುತ್ತದೆ, ಹಾಗಾಗಿ ನದಿಯ ಮೇಲ್ಗಡೆ ಲೇಕಿ ಊರಿನ ಕಡೆ ಜೋರು ಮಳೆ ಬಿದ್ದರೂ ನಿಮ್ಮ ಟೆಂಟ್ ಹತ್ತಿರ ನೀರು ಏರಬಹುದು. 2025ರ ಜುಲೈನಲ್ಲಿ ಇದೇ ಗುಡ್ಡಗಾಡಿನ ಗ್ವಾಡಲೂಪ್ ನದಿ ರಾತ್ರೋರಾತ್ರಿ ಉಕ್ಕಿ ನೂರಕ್ಕೂ ಹೆಚ್ಚು ಜನ ತೀರಿಹೋದರು, ಅಲ್ವಾ. ಗುಡುಗು ಮಳೆಯ ಮುನ್ಸೂಚನೆ ಇದ್ದರೆ ನಾನು ಬುಕಿಂಗ್ ರದ್ದು ಮಾಡಿಬಿಡುತ್ತೇನೆ, ದುಡ್ಡು ಹೋದರೆ ಹೋಗಲಿ.