ಹತ್ತು ಚಿತ್ರಗಳನ್ನು ಕಿವಿಗೊಟ್ಟು ನೋಡಿದ್ದು

ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗದಲ್ಲಿ ಈಗ ಪ್ರತಿ ವರ್ಷ ಹತ್ತು ಚಿತ್ರಗಳಿರುತ್ತವೆ. ಪ್ರಶಸ್ತಿ ಪ್ರಕಟವಾಗುವುದರೊಳಗೆ ಹತ್ತನ್ನೂ ನೋಡಿ ಮುಗಿಸಬೇಕು ಎಂಬುದು ನನ್ನ ಹಳೆಯ ಹಟ. ಯಾರು ಗೆಲ್ಲುತ್ತಾರೆ ಎಂಬ ಲೆಕ್ಕಾಚಾರದಲ್ಲಿ ನನಗೆ ಆಸಕ್ತಿಯಿಲ್ಲ. ಕೈಯಲ್ಲಿ ಒಂದು ಪಟ್ಟಿ ಇಲ್ಲದಿದ್ದರೆ ಮನಸ್ಸು ತನಗೆ ಒಗ್ಗಿದ ಬಗೆಯ ಚಿತ್ರಗಳ ಕಡೆಗೇ ವಾಲುತ್ತದೆ; ಪಟ್ಟಿ ಇದ್ದರೆ ನಾನಾಗಿ ಟಿಕೆಟ್ ಕೊಳ್ಳದ ಚಿತ್ರಕ್ಕೂ ಹೋಗಿ ಕೂರುತ್ತೇನೆ. 2024ರ ಜನವರಿ 23ರಂದು ಪ್ರಕಟವಾದ 96ನೇ ಆಸ್ಕರ್ ಪಟ್ಟಿಯನ್ನು ಮಾತ್ರ ನಾನು ಬೇರೆಲ್ಲ ಪಟ್ಟಿಗಳಿಂದ ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಸಿನಿಮಾವನ್ನು ಕಿವಿಯಿಂದ ನೋಡುವುದನ್ನು ನಾನು ಕಲಿತದ್ದು ಆ ಹತ್ತು ಚಿತ್ರಗಳಿಂದ.

ಅದು ಶುರುವಾದದ್ದು ಪಟ್ಟಿ ಬರುವ ಆರು ತಿಂಗಳ ಮೊದಲೇ. 2023ರ ಜುಲೈ 21ರಂದು ‘ಓಪನ್‌ಹೈಮರ್’ ಮತ್ತು ‘ಬಾರ್ಬಿ’ ಒಂದೇ ದಿನ ತೆರೆಕಂಡವು. ಬೆಂಗಳೂರಿನಲ್ಲಿ ‘ಓಪನ್‌ಹೈಮರ್’ಗೆ ಬೆಳಕು ಹರಿಯುವ ಹೊತ್ತಿಗೇ ಆಟಗಳಿದ್ದವು. ನಾನೂ ನಿದ್ದೆಗಣ್ಣಿನ ಆ ಸಾಲಿನಲ್ಲಿ ನಿಂತು ಒಳಗೆ ಹೋದೆ. ಕ್ರಿಸ್ಟೋಫರ್ ನೋಲನ್ ಚಿತ್ರೀಕರಿಸಿದ ದೊಡ್ಡ ಫಿಲ್ಮನ್ನು ಅದೇ ಐಮ್ಯಾಕ್ಸ್ 70 ಎಂ.ಎಂ. ರೀಲಿನಲ್ಲಿ ತೋರಿಸಬಲ್ಲ ಚಿತ್ರಮಂದಿರ ಭಾರತದಲ್ಲಿ ಒಂದೂ ಇರಲಿಲ್ಲ, ನಮಗೆ ಸಿಕ್ಕಿದ್ದು ಡಿಜಿಟಲ್ ಪ್ರದರ್ಶನ. ಆ ಕೊರತೆಯ ಬಗ್ಗೆ ಗೆಳೆಯರಲ್ಲಿ ಬಹಳ ಮಾತಾಗಿತ್ತು. ಆದರೆ ಮೊದಲ ಅಣುಬಾಂಬನ್ನು ಸಿಡಿಸಿ ನೋಡಿದ ಟ್ರಿನಿಟಿ ಪರೀಕ್ಷೆಯ ದೃಶ್ಯ ಬಂದಾಗ ನನಗೆ ತೆರೆಯ ಅಳತೆ ಮರೆತೇಹೋಯಿತು. ಬೆಳಕು ಕಣ್ಣು ಕೋರೈಸುತ್ತದೆ, ಬೆಂಕಿ ಮೇಲೇರುತ್ತದೆ, ಆದರೆ ಸದ್ದಿಲ್ಲ. ಒಬ್ಬ ಮನುಷ್ಯನ ಉಸಿರು ಮಾತ್ರ ಕೇಳುತ್ತದೆ. ಬೆಳಕು ಆ ಕ್ಷಣವೇ ಕಣ್ಣಿಗೆ ಬೀಳುತ್ತದೆ, ಶಬ್ದವಾದರೋ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ನಡೆದು ಬರಬೇಕು. ಹಲವು ಕಿಲೋಮೀಟರ್ ದೂರದಲ್ಲಿ ಮಲಗಿದ್ದ ವಿಜ್ಞಾನಿಗಳಿಗೂ ಅದು ತಡವಾಗಿಯೇ ತಲುಪಿದ್ದು. ಶಾಲೆಯಲ್ಲಿ ಗುಡುಗು ಮಿಂಚಿನ ಪಾಠದಲ್ಲಿ ಓದಿದ ಆ ಸಂಗತಿಯೇ ಇಲ್ಲಿ ಎದೆ ಹಿಂಡುವ ಕಾಯುವಿಕೆಯಾಯಿತು. ಇಡೀ ಸಭಾಂಗಣದಲ್ಲಿ ಒಬ್ಬರೂ ಮಿಸುಕಲಿಲ್ಲ. ಕೊನೆಗೆ ಶಬ್ದ ಬಂದಾಗ ಕುರ್ಚಿಯ ತೋಳು ನಡುಗಿದ್ದು ಅಂಗೈಗೆ ಗೊತ್ತಾಯಿತು.

ಅದಕ್ಕಿಂತಲೂ ಆಳಕ್ಕಿಳಿದದ್ದು ಆನಂತರದ ಒಂದು ದೃಶ್ಯ. ಚಿತ್ರದಲ್ಲಿ ಮೊದಲಿನಿಂದಲೂ ಆಗಾಗ ನೆಲ ಬಡಿಯುವ ಕಾಲುಗಳ ಸದ್ದೊಂದು ಕೇಳಿ ಮಾಯವಾಗುತ್ತಿರುತ್ತದೆ. ಎಲ್ಲಿಯದೆಂದು ಗೊತ್ತಾಗುವುದಿಲ್ಲ. ಹಿರೋಶಿಮಾದ ಮೇಲೆ ಬಾಂಬ್ ಬಿದ್ದ ಸುದ್ದಿ ಬಂದ ಮೇಲೆ, ಬಾಂಬ್ ತಯಾರಾದ ಲಾಸ್ ಅಲಮೋಸ್‌ನಲ್ಲಿ ಜನ ಹರ್ಷದಿಂದ ಮರದ ಹಲಗೆಗಳನ್ನು ತುಳಿಯುತ್ತಿರುವಾಗ ಆ ಸದ್ದಿನ ಮೂಲ ತಿಳಿಯುತ್ತದೆ. ಬಾಂಬ್ ತಯಾರಿಕೆಯ ನೇತೃತ್ವ ವಹಿಸಿದ ವಿಜ್ಞಾನಿ ಓಪನ್‌ಹೈಮರ್ ಆಗಿ ಕಿಲಿಯನ್ ಮರ್ಫಿ ಭಾಷಣ ಮಾಡುತ್ತಿದ್ದಂತೆ ಚಪ್ಪಾಳೆ ಕಳಚಿಹೋಗಿ ಒಂದು ಚೀತ್ಕಾರ ಮಾತ್ರ ಉಳಿಯುತ್ತದೆ. ಇಷ್ಟು ಹೊತ್ತು ನಾನು ಕೇಳಿಸಿಕೊಂಡದ್ದು ಈ ಮನುಷ್ಯನ ಪಾಪಪ್ರಜ್ಞೆಯನ್ನು ಎಂದು ಆಗ ಹೊಳೆಯಿತು. ಅಂದಿನಿಂದ ಪ್ರತಿ ಚಿತ್ರ ನೋಡಿ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಮೊದಲು ಬರೆಯುವುದು ಒಂದೇ: ಯಾವ ಸದ್ದು ನನ್ನೊಂದಿಗೆ ಮನೆಗೆ ಬಂತು?

‘ಬಾರ್ಬಿ’ಯನ್ನು ಅದೇ ವಾರ ನೋಡಿದೆ. ಗುಲಾಬಿ ಬಟ್ಟೆ ತೊಟ್ಟು ಬಂದ ಹುಡುಗಿಯರ ನಗುವೇ ಅಲ್ಲಿನ ಮುಖ್ಯ ಸಂಗೀತ. ನಿರ್ದೇಶಕಿ ಗ್ರೆಟಾ ಗರ್ವಿಗ್ ಅವರ ಚುರುಕು ನನಗೆ ಹಿಡಿಸಿತು, ಚಿತ್ರ ಮಾತ್ರ ಕೊನೆಯ ಅರ್ಧ ಗಂಟೆಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿಯೇ ತೀರುತ್ತೇನೆಂದು ನಿಂತುಬಿಡುತ್ತದೆ.

ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಮಾತು. ಧ್ವನಿಮಿಶ್ರಣ ಮಾಡುವವರ ಮೇಜು ಸಾಮಾನ್ಯವಾಗಿ ತೆರೆಯಿಂದ ಸಭಾಂಗಣದ ಮೂರನೇ ಎರಡರಷ್ಟು ಹಿಂದೆ, ನಟ್ಟನಡುವೆ ಇರುತ್ತದೆ. ಅವರು ಕೇಳಿ ಒಪ್ಪಿದ್ದನ್ನೇ ನಾವೂ ಕೇಳಬೇಕಾದರೆ ಅದೇ ಜಾಗ ಹಿಡಿಯಬೇಕು. ಕೊನೆಯ ಸಾಲಿಗೆ ಬೇಡಿಕೆ ಹೆಚ್ಚು, ಆದರೆ ಅಲ್ಲಿ ಬೆನ್ನ ಹಿಂದಿನ ಗೋಡೆಯ ಸ್ಪೀಕರ್ ಕಿವಿಗೆ ತಾಗಿದಂತಿದ್ದು ತೆರೆಯ ಮೇಲಿನ ಪಿಸುಮಾತನ್ನು ನುಂಗಿಹಾಕುತ್ತದೆ. ವಾರದ ನಡುವಿನ ಬೆಳಗಿನ ಆಟವೇ ನನ್ನ ಆಯ್ಕೆ. ಟಿಕೆಟ್ ಅಗ್ಗ, ಪಾಪ್‌ಕಾರ್ನ್ ಸದ್ದು ಕಡಿಮೆ. ನಾನು ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಚಿತ್ರವೆಂದರೆ ಎಂ.ಜಿ. ರಸ್ತೆಯ ಆಸುಪಾಸಿನ ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ. ಅಲ್ಲಿ ಸೀಟಿನ ವಿಚಾರ ಯಾರೂ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಬಾಲ್ಕನಿ ಸಿಕ್ಕರೆ ಸಾಕಿತ್ತು. ರೆಕ್ಸ್ ಕೂಡ 2018ರ ಕೊನೆಗೆ ಬಾಗಿಲು ಹಾಕಿತು. ಆ ಮಂದಿರಗಳ ಮೇಲಿನ ಪ್ರೀತಿ ನನಗೆ ಕಡಿಮೆಯಾಗಿಲ್ಲ, ಆದರೆ ಮೆಲುದನಿಯ ಚಿತ್ರವೊಂದು ಇಂದಿನ ಒಳ್ಳೆಯ ಪರದೆಯಲ್ಲಿ ಕೇಳಿಸುವಷ್ಟು ಅಲ್ಲಿ ಕೇಳಿಸುತ್ತಿರಲಿಲ್ಲ ಎಂಬುದು ನಿಜ.

ಮಾರ್ಟಿನ್ ಸ್ಕಾರ್ಸೆಸಿ ಅವರ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ 206 ನಿಮಿಷಗಳ ಚಿತ್ರ. 1920ರ ದಶಕದಲ್ಲಿ ಅಮೆರಿಕದ ಓಕ್ಲಹೋಮಾದ ಮೂಲನಿವಾಸಿಗಳಾದ ಒಸೇಜ್ ಜನರ ನೆಲದಡಿಯ ಎಣ್ಣೆಯ ಹಣಕ್ಕಾಗಿ ಬಿಳಿಯರು ಅವರನ್ನು ಒಬ್ಬೊಬ್ಬರನ್ನಾಗಿ ಕೊಂದ ಕಥೆ. ಕೊಲೆಗಾರ ಯಾರು ಎಂದು ಚಿತ್ರ ಮುಚ್ಚಿಡುವುದಿಲ್ಲ. ಮೂರೂವರೆ ಗಂಟೆ ನಾವು ನೋಡುವುದು ಗಂಡನೇ ಹೆಂಡತಿಯ ಮನೆತನವನ್ನು ಅಳಿಸಿಹಾಕುವುದನ್ನು. ರಾಬಿ ರಾಬರ್ಟ್‌ಸನ್ ಅವರ ಹಿನ್ನೆಲೆ ಸಂಗೀತ ನೆಲದಡಿಯಿಂದ ಬರುವ ನಾಡಿಮಿಡಿತದ ಹಾಗೆ ಬಿಡದೆ ಬಡಿಯುತ್ತದೆ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅವರೇ ಇರಲಿಲ್ಲ, 2023ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು.

ಅದರಲ್ಲಿ ಒಂದು ಪುಟ್ಟ ದೃಶ್ಯವಿದೆ. ಮಾಲಿ ಎಂಬ ಒಸೇಜ್ ಹೆಣ್ಣುಮಗಳ ಮನೆಗೆ, ಮುಂದೆ ಅವಳ ಗಂಡನಾಗುವ ಬಿಳಿಯ ಅರ್ನೆಸ್ಟ್ ಬಂದಿದ್ದಾನೆ. ಹೊರಗೆ ಬಿರುಗಾಳಿ ಮಳೆ ಶುರುವಾಗುತ್ತದೆ. ಅವನು ಕಿಟಕಿ ಮುಚ್ಚಲು ಏಳುತ್ತಾನೆ, ಮಾಲಿ ಬೇಡವೆನ್ನುತ್ತಾಳೆ: ಬಿರುಗಾಳಿಗೆ ಶಕ್ತಿಯಿದೆ, ಸ್ವಲ್ಪ ಹೊತ್ತು ಸುಮ್ಮನಿರಬೇಕು. ಇಬ್ಬರೂ ಸುಮ್ಮನೆ ಕೂರುತ್ತಾರೆ. ಮಾಲಿಯಾಗಿ ಲಿಲಿ ಗ್ಲಾಡ್‌ಸ್ಟೋನ್ ಶಾಲು ಹೊದ್ದು ಮಳೆ ಕೇಳುತ್ತಾರೆ, ಡಿಕ್ಯಾಪ್ರಿಯೊನ ಅರ್ನೆಸ್ಟ್‌ಗೆ ಆ ಸುಮ್ಮನಿರುವಿಕೆ ಬಾರದು. ಅವರಿಬ್ಬರ ದಾಂಪತ್ಯದ ಇಡೀ ಭವಿಷ್ಯ ಆ ಮಳೆಯಲ್ಲೇ ಇದೆ. ಚಿತ್ರದ ಕೊನೆಗೂ ಸದ್ದಿನದೇ ಪ್ರಸಂಗ. ಈ ಕೊಲೆಗಳು ಒಂದು ರೇಡಿಯೊ ನಾಟಕವಾಗಿವೆ, ವೇದಿಕೆಯ ಮೇಲೆ ಕಲಾವಿದರು ಸಾಮಾನುಗಳನ್ನು ಬಡಿದು ತಿಕ್ಕಿ ಸದ್ದು ಹುಟ್ಟಿಸುತ್ತಿದ್ದಾರೆ, ಒಂದು ಜನಾಂಗದ ನೋವು ಜನರಿಗೆ ಮನರಂಜನೆಯಾಗಿದೆ. ಆಗ ಸ್ಕಾರ್ಸೆಸಿಯೇ ಮೈಕಿನ ಮುಂದೆ ಬಂದು ಮಾಲಿಯ ಮರಣವಾರ್ತೆ ಓದುತ್ತಾರೆ. ಅದರಲ್ಲಿ ಕೊಲೆಗಳ ಪ್ರಸ್ತಾಪವೇ ಇರಲಿಲ್ಲ ಎಂದು ಹೇಳುತ್ತಾರೆ. ಇಷ್ಟು ನೇರವಾಗಿ ತನ್ನ ಕಲೆಯನ್ನೇ ಪ್ರಶ್ನಿಸಿಕೊಂಡ ಹಿರಿಯ ನಿರ್ದೇಶಕರನ್ನು ನಾನು ಬೇರೆ ಕಂಡಿಲ್ಲ.

ಫೆಬ್ರುವರಿಯಲ್ಲಿ ‘ದಿ ಝೋನ್ ಆಫ್ ಇಂಟರೆಸ್ಟ್’ ನೋಡಿದೆ. ಜೊನಾಥನ್ ಗ್ಲೇಜರ್ ನಿರ್ದೇಶನದ ಈ ಚಿತ್ರ ನಾಜಿಗಳ ಆಶ್ವಿಟ್ಜ್ ಕೊಲೆಶಿಬಿರದ ಮುಖ್ಯಸ್ಥ ರುಡಾಲ್ಫ್ ಹೋಸ್‌ನ ಸಂಸಾರದ್ದು. ಮನೆ, ಹೂದೋಟ, ಮಕ್ಕಳು, ಅತ್ತೆ, ಹುಟ್ಟುಹಬ್ಬ. ತೋಟದ ಗೋಡೆಯ ಆಚೆ ಶಿಬಿರ. ಆ ನರಕದಲ್ಲಿ ನಡೆಯುತ್ತಿದ್ದುದನ್ನು ಕ್ಯಾಮೆರಾ ನಮಗೆ ತೋರಿಸುವುದಿಲ್ಲ. ಶುರುವಿನಲ್ಲಿ ತೆರೆ ಕಪ್ಪಾಗಿಯೇ ಉಳಿದು ಮೀಕಾ ಲೆವಿಯ ಸಂಗೀತ ಮಾತ್ರ ಕೇಳುತ್ತದೆ. ನಮ್ಮ ಸಾಲಿನಲ್ಲಿ ಒಬ್ಬರು ಯಂತ್ರ ಕೆಟ್ಟಿದೆಯೆಂದು ಹೊರಗೆ ಹೇಳಲು ಎದ್ದೇಬಿಟ್ಟರು. ಕಿವಿಯನ್ನು ಹದಗೊಳಿಸಲೆಂದೇ ಆ ಕತ್ತಲು ಎಂದು ನನಗನ್ನಿಸುತ್ತದೆ. ಆಮೇಲೆ ಹಕ್ಕಿಗಳು, ನದಿ, ಮಕ್ಕಳ ಕೇಕೆ. ಅವುಗಳ ಅಡಿಯಲ್ಲಿ ಕುಲುಮೆಯ ಮೊರೆತ, ಪಕ್ಕದ ಬೀದಿಯ ಹಿಟ್ಟಿನ ಗಿರಣಿಯಂತೆ, ಬಿಡುವಿಲ್ಲದೆ. ನಡುನಡುವೆ ಗುಂಡಿನ ಸದ್ದು, ರೈಲು, ಕೂಗು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಮೊರೆತ ನನಗೆ ಕೇಳಿಸದಾಗಿತ್ತು. ಅದು ಅರಿವಾದಾಗ ಮೈ ತಣ್ಣಗಾಯಿತು, ಏಕೆಂದರೆ ಆ ಮನೆಯವರಿಗೆ ಆಗಿದ್ದೂ ಅದೇ.

ಹೋಸ್‌ನ ಮಗ ತನ್ನ ಕೋಣೆಯಲ್ಲಿ ಆಡುತ್ತಿರುವಾಗ ಕಿಟಕಿಯಾಚೆಯಿಂದ ದನಿಗಳು ಬರುತ್ತವೆ. ಸೇಬಿಗಾಗಿ ಜಗಳವಾಡಿದ ಕೈದಿಯೊಬ್ಬನನ್ನು ನದಿಯಲ್ಲಿ ಮುಳುಗಿಸಲು ಆಜ್ಞೆಯಾಗುತ್ತದೆ. ಹುಡುಗ ಪರದೆಯ ಸಂದಿಯಿಂದ ನೋಡುತ್ತಾನೆ, ಹಿಂದಿರುಗಿ ಬಂದು ಇನ್ನೊಮ್ಮೆ ಹಾಗೆ ಮಾಡಬೇಡ ಎಂದು ಗೊಣಗುತ್ತಾನೆ. ರಾತ್ರಿ ಒಬ್ಬ ಹುಡುಗಿ ಕದ್ದು ಕೈದಿಗಳಿಗಾಗಿ ಸೇಬು ಇಟ್ಟುಹೋಗುವುದನ್ನು ನಾವು ಮೊದಲೇ ನೋಡಿರುತ್ತೇವೆ. ಆ ಕರುಣೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಚಿತ್ರ ನಮಗೆ ತೋರಿಸುವುದಿಲ್ಲ, ಕೇಳಿಸುತ್ತದೆ. ನಾನು ಹೋದ ಮಂದಿರದಲ್ಲಿ 105 ನಿಮಿಷದ ಈ ಚಿತ್ರಕ್ಕೂ ಮಧ್ಯಂತರ ಕೊಟ್ಟರು. ದೃಶ್ಯದ ನಡುವೆ ದೀಪ ಹತ್ತಿ ಜಾಹೀರಾತು ಅಬ್ಬರಿಸಿತು. ಇದನ್ನು ನಾನು ಒಪ್ಪಲಾರೆ. ನಮ್ಮ ಚಿತ್ರಗಳ ಕಥೆಯನ್ನು ಮಧ್ಯಂತರ ಇದೆಯೆಂದು ತಿಳಿದೇ ಹೆಣೆಯುತ್ತಾರೆ, ಅಲ್ಲಿ ಅದು ಚೆಂದ. ಹಾಗೆ ಹೆಣೆಯದ ಚಿತ್ರವನ್ನು ಕತ್ತರಿಸುವುದು ನೋಡುವವನಿಗೂ ಮಾಡಿದವನಿಗೂ ಅನ್ಯಾಯ.

ಉಳಿದವುಗಳಲ್ಲಿ ಬಹುಪಾಲು ಮನೆಯಲ್ಲಿ ನೋಡಿದವು. ಮನೆಯಲ್ಲಿ ಕಿವಿಗೆ ಶತ್ರುಗಳು ಹಲವರು. ರಾತ್ರಿ ಹತ್ತರ ಮೇಲೆ, ಬೀದಿಯಲ್ಲಿ ಸ್ಕೂಟರ್ ಓಡಾಟ ನಿಂತ ಮೇಲೆ ಶುರುಮಾಡುತ್ತಿದ್ದೆ. ಫ್ಯಾನ್ ಆರಿಸುತ್ತಿದ್ದೆ, ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡುತ್ತಿದ್ದೆ. ಹಲವು ಟಿವಿಗಳ ಸೆಟ್ಟಿಂಗ್‌ನಲ್ಲಿ ಆಟೊ ವಾಲ್ಯೂಮ್ ಎಂಬುದೊಂದು ಇರುತ್ತದೆ. ಜೋರು ದನಿಯನ್ನು ತಗ್ಗಿಸಿ ಮೆಲುದನಿಯನ್ನು ಎತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ವಾರ್ತೆಗೆ ಅದು ಅನುಕೂಲ, ಸಿನಿಮಾಕ್ಕೆ ಕೇಡು. ಅದನ್ನು ತೆಗೆದುಹಾಕಿದ ದಿನ ನನ್ನ ಸಾಧಾರಣ ಟಿವಿಯೇ ಬೇರೆಯಾಯಿತು. ವಾದ್ಯವೃಂದ ನಡೆಸುವುದರಲ್ಲಿ ಹೆಸರಾದ ಲೆನಾರ್ಡ್ ಬರ್ನ್‌ಸ್ಟೈನ್ ಅವರ ಬದುಕಿನ ಚಿತ್ರ ‘ಮೇಸ್ಟ್ರೋ’ಗೆ ಹೆಡ್‌ಫೋನ್ ಹಾಕಿಕೊಂಡೆ. ಈಲಿ ಕೆಥಡ್ರಲ್‌ನಲ್ಲಿ ಬ್ರ್ಯಾಡ್ಲಿ ಕೂಪರ್ ಲಂಡನ್ ಸಿಂಫನಿ ವಾದ್ಯವೃಂದವನ್ನು ನಡೆಸುತ್ತ ಮಾಲರ್‌ನ ಎರಡನೇ ಸಿಂಫನಿಯನ್ನು ಮೇಲಕ್ಕೇರಿಸುವ ದೃಶ್ಯಕ್ಕಾಗಿ ಆ ಚಿತ್ರ ನೋಡಬಹುದು. ಮಿಕ್ಕಂತೆ ಅದು ನನ್ನನ್ನು ದೂರವೇ ನಿಲ್ಲಿಸಿತು.

ಜಸ್ಟಿನ್ ಟ್ರಿಯೆ ಅವರಿಗೆ 2023ರ ಕಾನ್ ಚಿತ್ರೋತ್ಸವದಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ತಂದುಕೊಟ್ಟ ‘ಅನಾಟಮಿ ಆಫ್ ಎ ಫಾಲ್’ ಮಾತ್ರ ಸಂಜೆಯೇ ಶುರುಮಾಡಿದ್ದೆ. ಮೊದಲ ದೃಶ್ಯದಲ್ಲಿ ಲೇಖಕಿಯೊಬ್ಬಳ ಸಂದರ್ಶನ ನಡೆಯುತ್ತಿರುತ್ತದೆ, ಮಹಡಿಯಲ್ಲಿ ಗಂಡ ಒಂದೇ ವಾದ್ಯಗೀತೆಯನ್ನು ಮತ್ತೆ ಮತ್ತೆ ಕಿವಿಗಡಚಿಕ್ಕುವಂತೆ ಹಾಕುತ್ತಾನೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಏನೋ ಅದು, ಆ ಪಾಟಿ ಸದ್ದು? ಸ್ವಲ್ಪ ತಗ್ಗಿಸಬಾರದೇ?”

“ನಾನಲ್ಲ ಅಮ್ಮ, ಸಿನಿಮಾದಲ್ಲೇ ಹಾಗಿದೆ.”

“ಹಾಗಾದರೆ ಅವಳಾದರೂ ಹೋಗಿ ಬೈಯಬಾರದೇ ಅವನನ್ನು?”

ಒಂದು ಸಂಸಾರದ ಬಿರುಕನ್ನು ಅಮ್ಮ ಕಥೆ ತಿಳಿಯದೆ, ತೆರೆ ನೋಡದೆ, ಒಲೆಯ ಮುಂದಿನಿಂದಲೇ ಗ್ರಹಿಸಿದ್ದರು. ಮುಂದೆ ಗಂಡ ಮಹಡಿಯಿಂದ ಬಿದ್ದು ಸಾಯುತ್ತಾನೆ. ಕೊಲೆಯೋ ಆತ್ಮಹತ್ಯೆಯೋ ಎಂದು ವಿಚಾರಣೆ. ಮುಖ್ಯ ಸಾಕ್ಷಿ ಕಣ್ಣು ಸರಿಯಾಗಿ ಕಾಣದ ಮಗ, ಅವನ ಆಧಾರವೆಲ್ಲ ಕೇಳಿದ್ದೇ. ದಂಪತಿಯ ಜಗಳದ ಧ್ವನಿಮುದ್ರಿಕೆಯನ್ನು ನ್ಯಾಯಾಲಯದಲ್ಲಿ ಹಾಕಿದಾಗ ತೆರೆಯ ಮೇಲೆ ಆ ಜಗಳ ಕಾಣಿಸತೊಡಗುತ್ತದೆ, ಜಗಳ ಹೊಡೆದಾಟಕ್ಕಿಳಿಯುವ ಹೊತ್ತಿಗೆ ಸರಿಯಾಗಿ ಚಿತ್ರ ನ್ಯಾಯಾಲಯಕ್ಕೆ ಮರಳುತ್ತದೆ. ಇನ್ನುಳಿದಿದ್ದು ಸದ್ದು ಮಾತ್ರ. ಯಾರು ಯಾರಿಗೆ ಹೊಡೆದರೆಂದು ನಾವೇ ತೀರ್ಮಾನಿಸಬೇಕು. ಊಟ ತಣ್ಣಗಾದರೂ ಅಮ್ಮ ಕೊನೆಯವರೆಗೆ ಎದ್ದುಹೋಗಲಿಲ್ಲ. ಇಂಥ ಚಿತ್ರಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಇದ್ದಿದ್ದರೆ ನಾನು ಪಕ್ಕದಲ್ಲಿ ಕೂತು ಪಿಸುಗುಟ್ಟಿ ಅವರ ಕಿವಿಯನ್ನು ಕೆಡಿಸಬೇಕಿರಲಿಲ್ಲ. ಇದು ಆಗಲೇಬೇಕಾದ ಕೆಲಸ.

ಸೆಲೀನ್ ಸಾಂಗ್ ಅವರ ‘ಪಾಸ್ಟ್ ಲೈವ್ಸ್’ ಬಿಡುಗಡೆಯಾದಾಗಲೇ ಚಿತ್ರಮಂದಿರದಲ್ಲಿ ನೋಡಿದ್ದೆ. ಕೊನೆಯಲ್ಲಿ ಬಾಲ್ಯದ ಗೆಳೆಯರಿಬ್ಬರು ನ್ಯೂಯಾರ್ಕ್‌ನ ಬೀದಿಯಲ್ಲಿ ಟ್ಯಾಕ್ಸಿಗಾಗಿ ಕಾಯುತ್ತ ಮಾತಿಲ್ಲದೆ ನಿಲ್ಲುತ್ತಾರೆ. ಮನೆಯಲ್ಲಾದರೆ ಆ ಮೌನದಲ್ಲಿ ಯಾರಾದರೂ ಏನಾದರೂ ಕೇಳಿರುತ್ತಿದ್ದರು. ‘ದಿ ಹೋಲ್ಡೋವರ್ಸ್’ ಬೆಚ್ಚಗಿನ ಚಿತ್ರ, ಡೇವೈನ್ ಜಾಯ್ ರ್‍ಯಾಂಡಾಲ್ಫ್ ಅವರಿಗೆ ಸಂದ ಪೋಷಕ ನಟಿ ಪ್ರಶಸ್ತಿ ತೀರ ನ್ಯಾಯವಾದದ್ದು. ‘ಅಮೆರಿಕನ್ ಫಿಕ್ಷನ್’ ಜೆಫ್ರಿ ರೈಟ್‌ಗಾಗಿ ಇಷ್ಟವಾಯಿತು. ‘ಪೂರ್ ಥಿಂಗ್ಸ್’ನ ಅಪಸ್ವರದ ಸಂಗೀತ ಮೊದಲ ಭಾಗದಲ್ಲಿ ನನ್ನನ್ನು ಎಳೆದುಕೊಂಡಿತು, ಎರಡನೆಯ ಭಾಗದಲ್ಲಿ ದಣಿಸಿತು.

ಪ್ರಶಸ್ತಿ ಸಮಾರಂಭ ನಮಗೆ ಮಾರ್ಚ್ 11ರ ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ. ‘ಓಪನ್‌ಹೈಮರ್’ ಏಳು ಪ್ರಶಸ್ತಿ ಗೆದ್ದರೂ ಧ್ವನಿಯ ಪ್ರಶಸ್ತಿ ‘ದಿ ಝೋನ್ ಆಫ್ ಇಂಟರೆಸ್ಟ್’ನ ಟಾರ್ನ್ ವಿಲರ್ಸ್ ಮತ್ತು ಜಾನಿ ಬರ್ನ್ ಅವರಿಗೆ ಹೋಯಿತು. ನಾನು ಸೋಫಾದಿಂದ ಎದ್ದು ಚಪ್ಪಾಳೆ ತಟ್ಟಿದೆ. ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಹತ್ತು ನಾಮನಿರ್ದೇಶನ ಪಡೆದು ಒಂದನ್ನೂ ಗೆಲ್ಲಲಿಲ್ಲ. ನಟಿಯ ಪ್ರಶಸ್ತಿ ‘ಪೂರ್ ಥಿಂಗ್ಸ್’ನ ಎಮ್ಮಾ ಸ್ಟೋನ್ ಅವರ ಪಾಲಾಯಿತು. ಎಮ್ಮಾ ಅವರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಮತ ಲಿಲಿ ಗ್ಲಾಡ್‌ಸ್ಟೋನ್ ಅವರಿಗೆ. ಎದುರಿನವನ ಸುಳ್ಳನ್ನು ಪೂರ್ತಿ ಕೇಳಿಸಿಕೊಂಡು, ಅದು ಸುಳ್ಳೆಂದು ತನಗೆ ತಿಳಿಯಿತು ಎಂಬುದನ್ನು ಕಣ್ಣೆವೆಯನ್ನೂ ಅಲುಗಿಸದೆ ನಮಗೆ ಮುಟ್ಟಿಸುವ ನಟನೆಯನ್ನು ಆ ವರ್ಷದ ಬೇರೆ ಯಾವ ಚಿತ್ರದಲ್ಲೂ ನಾನು ನೋಡಲಿಲ್ಲ.